ಆದಿತಾಯಿಯ ಹುಬ್ಬು

ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಕೂದಲಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವುದಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಬಳಕೆಯಾಗುತ್ತಿರಲಿಲ್ಲ. ಅವಳ ಅಪ್ಪ ನಾಟಕದವರಿಗೆ ಗಡ್ಡ, ಮೀಸೆ, ಜಡೆ ಕಟ್ಟಿಕೊಡುತ್ತಿದ್ದ. ಅವನ ಪಕ್ಕದಲ್ಲಿ ಕೂತು ಸಿಕ್ಕುಗಟ್ಟಿದ ಕೂದಲು ಬಿಡಿಸುತ್ತಲೇ ಇವಳು ಬೆಳೆದಳು. ಎದುರಿಗೆ ಕೂತವರು ಕಣ್ಣೀರು ಹಾಕಿಕೊಂಡು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರೂ ಇವಳ ಕಣ್ಣು ಮಾತ್ರ ಅವರ ಬೈತಲೆ ಎಲ್ಲಿ ಸೊಟ್ಟಗಾಗಿದೆ ಎಂದು ಹುಡುಕುತ್ತಿತ್ತು.

ವಸ್ತುಸಂಗ್ರಹಾಲಯದಲ್ಲಿ ಇವಳ ಕೆಲಸ ಬೊಂಬೆಗಳಿಗೆ ಕೂದಲು ನೆಡುವುದು. ಸೂಜಿಯ ಕಣ್ಣಿನ ತುದಿಯನ್ನು ಕತ್ತರಿಸಿದರೆ ಅದು ಪುಟ್ಟ ಕವೆಯಾಗುತ್ತದೆ. ಆ ಕವೆಗೆ ಒಂದೇ ಒಂದು ಕೂದಲು ಸಿಕ್ಕಿಸಿ, ರಬ್ಬರಿನಂಥ ಮೆತ್ತನೆಯ ಚರ್ಮದೊಳಕ್ಕೆ ಚುಚ್ಚಿ, ಸೂಜಿಯನ್ನು ಮಾತ್ರ ಹಿಂದಕ್ಕೆ ಎಳೆಯಬೇಕು. ಆಮೇಲೆ ಇನ್ನೊಂದು ಕೂದಲು, ಮತ್ತೆ ಇನ್ನೊಂದು. ಒಂದು ತಲೆ ತುಂಬುವ ಹೊತ್ತಿಗೆ ಬೇರೆಯವರಾದರೆ ತಮ್ಮ ತಲೆಗೂದಲನ್ನೇ ಕಿತ್ತುಕೊಳ್ಳುತ್ತಿದ್ದರು. ಇವಳು ಮಾತ್ರ ಹಾಡು ಗುನುಗಿಕೊಂಡು ಚುಚ್ಚುತ್ತಿದ್ದಳು.

ಆ ಬೊಂಬೆಗಳಿಗೆ ಮೈ, ಮುಖ ಕೊಡುತ್ತಿದ್ದವನು ಅವಳ ಗಂಡ, ಬೊಂಬೆ ಮೇಸ್ತ್ರಿ. ಮಾತು ಕಡಿಮೆ, ಕೈ ಮಾತ್ರ ಬಂಗಾರ. ಇವಳು ಒಂದು ಗಂಟೆ ಜಗಳವಾಡಿದರೆ ಅವನು ಕೊನೆಗೆ "ಹೂಂ" ಎನ್ನುತ್ತಿದ್ದ. ಆ ಹೂಂ ಯಾವ ಮಾತಿಗೆ ಎಂದು ತಿಳಿಯದೆ ಇವಳು ಇನ್ನೊಂದು ಗಂಟೆ ಜಗಳವಾಡುತ್ತಿದ್ದಳು.

ಕೂದಲಕ್ಕನಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮುಚ್ಚಿಟ್ಟು ಅವಳ ಕಥೆ ಹೇಳುವುದು ಆಗದ ಮಾತು. ಪಕ್ಕದ ಮನೆಯವಳು ಹೊಸ ಪರದೆ ಹಾಕಿದರೆ ಇವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಟಿಕೆಟ್ ಕೊಡುವ ಹೆಂಗಸನ್ನು ನಿರ್ದೇಶಕರು ಹೊಗಳಿದರೆ ಆ ವಾರವೆಲ್ಲ ಇವಳು ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದಳು. ಆದರೆ ಇವೆಲ್ಲ ಚಿಲ್ಲರೆ. ಅವಳನ್ನು ನಿಜವಾಗಿ ಸುಡುತ್ತಿದ್ದುದು ಅತ್ತೆಯ ಕೋಣೆಯ ಗೋಡೆಯ ಮೇಲಿದ್ದ ಒಂದು ಫೋಟೋ.

ಅದು ಮೇಸ್ತ್ರಿಯ ಮೊದಲ ಹೆಂಡತಿಯದು. ಮದುವೆಯಾಗಿ ಹೆಚ್ಚು ದಿನ ಬಾಳಲಿಲ್ಲ, ಯಾವುದೋ ಜ್ವರ ಬಂದು ಹೋಗಿಬಿಟ್ಟಳು. ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪಿನ ಚಿತ್ರ, ನುಣ್ಣನೆಯ ಮುಖ, ತಿದ್ದಿ ತೀಡಿದಂಥ ಹುಬ್ಬು. ಬದುಕಿರುವವಳಾದರೆ ಎದುರು ನಿಂತು ಒಂದು ಕೈ ನೋಡಬಹುದು. ಸತ್ತವಳ ಜೊತೆ ಪೈಪೋಟಿ ಮಾಡುವುದು ಹೇಗೆ? ಅವಳಿಗೆ ವಯಸ್ಸಾಗುವುದಿಲ್ಲ. ಅವಳ ಅಡುಗೆಗೆ ಉಪ್ಪು ಜಾಸ್ತಿಯಾಗುವುದಿಲ್ಲ. ಗಂಡನ ಮೇಲೆ ಅವಳು ರೇಗುವುದೂ ಇಲ್ಲ. ಮೇಸ್ತ್ರಿ ಅವಳ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವನಲ್ಲ, ಹೋಲಿಸಿ ಮಾತಾಡಿದವನಲ್ಲ. ಅದೇ ಇವಳಿಗೆ ಸಂಕಟ. ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡವರ ಸುದ್ದಿಯನ್ನು ಯಾರಾದರೂ ಬಾಯಲ್ಲಿ ಆಡುತ್ತಾರೆಯೇ ಎನ್ನುವುದು ಇವಳ ಲೆಕ್ಕ.

ಇಂಥ ಹೊತ್ತಿನಲ್ಲಿ ವಸ್ತುಸಂಗ್ರಹಾಲಯದಲ್ಲಿ ಹೊಸ ಕೋಣೆ ತೆರೆಯುವುದೆಂದಾಯಿತು. ಮನುಷ್ಯ ಎಲ್ಲಿಂದ ಬಂದ ಎಂದು ತೋರಿಸುವ ಕೋಣೆ. ಅದರ ನಡುವೆ ನಿಲ್ಲಬೇಕಾದವಳು ಒಬ್ಬ ಆದಿಕಾಲದ ಹೆಂಗಸು, ಮನುಷ್ಯರಿಗೆಲ್ಲ ಆದಿತಾಯಿ. ಅವಳ ತಲೆಬುರುಡೆ ಯಾವುದೋ ಗುಹೆಯಲ್ಲಿ ಸಿಕ್ಕಿತ್ತಂತೆ, ಅದರ ಅಚ್ಚು ಮರದ ಪೆಟ್ಟಿಗೆಯಲ್ಲಿ ಬಂತು. ಪೆಟ್ಟಿಗೆಯ ಜೊತೆಗೇ ಬಂದವರು ಮೂಳೆ ಮೇಡಂ. ಮೂಳೆ ಓದುವುದರಲ್ಲೇ ತಲೆ ನರೆಸಿಕೊಂಡ ಪಂಡಿತೆ, ನಗುಮುಖದ ಹೆಂಗಸು. ಬುರುಡೆಯ ಮೇಲೆ ಅಲ್ಲಲ್ಲಿ ಸಣ್ಣ ಗೂಟ ಅಂಟಿಸಿ, ಎಲ್ಲಿ ಎಷ್ಟು ದಪ್ಪ ಮಾಂಸ ಬರಬೇಕು ಎಂದು ಮೇಸ್ತ್ರಿಗೆ ತೋರಿಸಿಕೊಟ್ಟರು. ಅವನು ಗೂಟದ ಮಟ್ಟಕ್ಕೆ ಜೇಡಿಮಣ್ಣು ತುಂಬುತ್ತಾ ಹೋದ. ಕೆನ್ನೆ ಬಂತು, ಹಣೆ ಬಂತು, ದವಡೆ ಬಂತು.

ಒಂದು ಮಧ್ಯಾಹ್ನ ಕೂದಲಕ್ಕ ತಲೆಯ ಅಳತೆ ತೆಗೆದುಕೊಳ್ಳಲು ಹೋದಾಗ ಮೇಸ್ತ್ರಿ ಒದ್ದೆ ಬಟ್ಟೆಯಿಂದ ಆ ಜೇಡಿಯ ಕೆನ್ನೆ ಒರೆಸುತ್ತಿದ್ದ. ಎಷ್ಟು ಮೆತ್ತಗೆ ಒರೆಸುತ್ತಿದ್ದ ಅಂದರೆ, ಇವಳಿಗೆ ಜ್ವರ ಬಂದಾಗಲೂ ಹಾಗೆ ಹಣೆ ಒರೆಸಿದವನಲ್ಲ.

"ಬಾಯಿ ತುಂಬಾ ಚೆನ್ನಾಗಿ ಬಂದಿದೆ," ಎಂದರು ಮೇಡಂ.

"ಅದೂ ಮೂಳೆ ನೋಡಿಯೇ ಮಾಡೋದಾ ಮೇಡಂ?" ಎಂದು ಕೂದಲಕ್ಕ ಕೇಳಿದಳು.

"ಇಲ್ಲ ಕಣಮ್ಮ. ಮೂಳೆ ಎಲ್ಲಾನೂ ಹೇಳಲ್ಲ. ತುಟಿ ಹೇಗಿತ್ತು, ಕಿವಿ ಹೇಗಿತ್ತು, ಹುಬ್ಬು ಹೇಗಿತ್ತು, ಅದನ್ನ ಯಾವ ವಿಜ್ಞಾನಾನೂ ಸರಿಯಾಗಿ ಹೇಳೋಕಾಗಲ್ಲ. ಮಾಡೋರು ಎಲ್ಲಿಂದಾದ್ರೂ ತಗೋಬೇಕು, ಎಲ್ಲೋ ನೋಡಿದ್ದು, ಮನಸಲ್ಲಿ ಇದ್ದಿದ್ದು."

ಮೇಡಂ ಅಷ್ಟು ಹೇಳಿ ಚಹಾ ಕುಡಿಯಲು ಹೋದರು. ಕೂದಲಕ್ಕನ ಎದೆಯಲ್ಲಿ ಮಾತ್ರ ಬೆಂಕಿ ಬಿತ್ತು. ಮನಸ್ಸಿನಲ್ಲಿ ಇದ್ದದ್ದು. ಇವನ ಮನಸ್ಸಿನಲ್ಲಿ ಯಾರಿದ್ದಾಳೆ ಎಂದು ಇವಳಿಗೆ ಬೇರೆಯವರು ಹೇಳಬೇಕೇ? ಆ ಜೇಡಿಯ ಮುಖವನ್ನು ಮತ್ತೊಮ್ಮೆ ದಿಟ್ಟಿಸಿದಳು. ತುಟಿಯ ಅಂಚು, ಗದ್ದದ ದುಂಡು. ನೋಡುತ್ತಾ ನೋಡುತ್ತಾ ಅದು ಗೋಡೆಯ ಮೇಲಿನ ಆ ಮಹಾರಾಯಿತಿಯೇ ಸರಿ ಎನಿಸಿತು. ಊರಿಗೆಲ್ಲ ತಾಯಿ ಎಂದು ನಿಲ್ಲಿಸಲು ಇವನಿಗೆ ಅವಳೇ ಬೇಕಾಗಿತ್ತು.

"ಇದು ಯಾರ ಮುಖ?" ಎಂದು ಮನೆಗೆ ಹೋದ ಮೇಲೆ ಕೇಳಿಯೇಬಿಟ್ಟಳು.

"ಯಾವುದು?"

"ಆ ಗುಹೆಯವಳದ್ದು."

"ಗುಹೆಯವಳದ್ದೇ," ಎಂದ ಮೇಸ್ತ್ರಿ. "ಯಾರದ್ದೂ ಅಲ್ಲ. ನಂಬು."

ನಂಬು ಎಂದರೆ ನಂಬುವ ಜಾತಿಯಲ್ಲ ಕೂದಲಕ್ಕ. ಅತ್ತೆ ನೆರೆಮನೆಗೆ ಹೋದದ್ದು ನೋಡಿಕೊಂಡು ಫೋಟೋ ಕೆಳಗಿಳಿಸಿದಳು. ಅಪ್ಪನ ಕಾಲದ ಅಳತೆಪಟ್ಟಿ ತಂದಳು. ಕಣ್ಣಿನಿಂದ ಕಣ್ಣಿಗೆ ಎಷ್ಟು, ಮೂಗಿನಿಂದ ಗದ್ದಕ್ಕೆ ಎಷ್ಟು ಎಂದು ಅಳೆದಳು. ಮಾರನೆಯ ದಿನ ಜೇಡಿಯ ಮುಖವನ್ನೂ ಅಳೆದಳು. ಮೂಳೆ ಮೇಡಂ ಕಂಡು ಸಂತೋಷಪಟ್ಟು, ಚಿಕ್ಕ ಚಿತ್ರವನ್ನು ದೊಡ್ಡ ಮುಖಕ್ಕೆ ಹೊಂದಿಸಿ ಲೆಕ್ಕ ಹಾಕುವುದು ಹೇಗೆಂದು ಹೇಳಿಕೊಟ್ಟರು. ಯಾರ ಚಿತ್ರ ಎಂದು ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಲೆಕ್ಕ ಹಾಕಿದರೆ ಎರಡಕ್ಕೂ ತಾಳೆಯೇ ಆಗಲಿಲ್ಲ. ಕಣ್ಣಿನ ದೂರ ಬೇರೆ, ಮೂಗಿನ ಉದ್ದ ಬೇರೆ. ಇನ್ನೊಬ್ಬಳಾಗಿದ್ದರೆ ಅಲ್ಲಿಗೆ ಸಮಾಧಾನವಾಗಿ ಮಲಗುತ್ತಿದ್ದಳು. ಇವಳು, ಫೋಟೋದಲ್ಲಿ ಮುಖ ಸ್ವಲ್ಪ ತಿರುಗಿದೆ, ಅದಕ್ಕೇ ಅಳತೆ ತಪ್ಪಿದೆ ಎಂದಳು. ಹೊಟ್ಟೆಯುರಿ ಹತ್ತಿದವರಿಗೆ ಅಳತೆಪಟ್ಟಿಯ ಮೇಲೂ ಅನುಮಾನ ಬರುತ್ತದೆ.

ವಿಜ್ಞಾನ ಕೈಕೊಟ್ಟಿತು ಎಂದು ಭಾವನ ಹತ್ತಿರ ಹೋದಳು. ಮೇಸ್ತ್ರಿಯ ಅಣ್ಣ ಪ್ರಾರ್ಥನಾ ಮಂದಿರದ ಹಿರಿಯ. ಮನುಷ್ಯನನ್ನು ದೇವರೇ ಕೈಯಾರೆ ಮಾಡಿ ಉಸಿರು ಊದಿದ ಎಂದು ನಂಬಿದವನು. ತಮ್ಮ ಈ ಗುಹೆಯ ಬೊಂಬೆ ಮಾಡುತ್ತಿದ್ದಾನೆಂದು ಮೊದಲೇ ಮುಖ ಗಂಟು ಹಾಕಿಕೊಂಡಿದ್ದ.

"ಭಾವ, ಒಬ್ಬರು ಹೇಳಿದ್ದು ನಿಜಾನೋ ಸುಳ್ಳೋ ಗೊತ್ತಾಗದೆ ಇದ್ದಾಗ ಏನು ಮಾಡೋದು?"

"ಹೇಳಿದೋರು ಎಂಥೋರು ಅಂತ ನೋಡಮ್ಮ. ಅವರು ನಂಬಿಕಸ್ಥರಾದ್ರೆ ಮಾತೂ ನಂಬಬೇಕು. ಕಣ್ಣಾರೆ ನೋಡಿದ ಮೇಲೆ ಒಪ್ಪೋದಕ್ಕೆ ನಂಬಿಕೆ ಯಾಕೆ ಬೇಕು?"

"ಅನುಮಾನ ಬಂದ್ರೆ?"

"ಬರುತ್ತೆ. ನನಗೂ ಬರುತ್ತೆ. ಆದ್ರೂ ನಂಬೋದು ಕಷ್ಟದ ಕೆಲಸ. ಸುಮ್ಮನೆ ಕೂತೋರಿಗೆ ಬರೋದಲ್ಲ ಅದು."

ಆ ಮಾತು ಇವಳಿಗೆ ಹಿಡಿಸಿತು. ಕಷ್ಟದ ಕೆಲಸವೆಂದರೆ ಹೆದರುವವಳೂ ಅಲ್ಲ. ಮನೆಗೆ ಬಂದು ಗಂಡನನ್ನು ನಂಬಲು ಕೂತಳು. ಹಲ್ಲು ಕಚ್ಚಿಕೊಂಡು ಸಂಜೆಯವರೆಗೆ ನಂಬಿದಳು. ಕೇಳದೆಯೇ ಚಹಾ ಮಾಡಿಕೊಟ್ಟಳು, ಅವನ ಅಂಗಿಯ ಗುಂಡಿ ಹೊಲಿದಳು. ಅಷ್ಟರಲ್ಲಿ ಅವನು ಅತ್ತೆಯ ಕೋಣೆಗೆ ಹೋಗಿ ಫೋಟೋದ ಮುಂದೆ ಕ್ಷಣಹೊತ್ತು ನಿಂತದ್ದು ಕಣ್ಣಿಗೆ ಬಿತ್ತು. ಇವಳು ಇಳಿಸಿ ಮತ್ತೆ ನೇತುಹಾಕುವಾಗ ಅದು ಓರೆಯಾಗಿತ್ತು, ಅವನು ಸರಿಮಾಡಿದ, ಅಷ್ಟೆ. ಆದರೆ ಇವಳ ನಂಬಿಕೆ ಅಲ್ಲಿಗೇ ಮುಗಿಯಿತು.

ಜೇಡಿಯ ಮುಖದ ಅಚ್ಚು ತೆಗೆದು ರಬ್ಬರಿನ ಚರ್ಮ ಎರೆದದ್ದಾಯಿತು, ಗಾಜಿನ ಕಣ್ಣು ಕೂರಿಸಿದ್ದೂ ಆಯಿತು. ತಲೆ ಕೂದಲಕ್ಕನ ಕೋಣೆಗೆ ಬಂತು. ಅವಳು ಸೂಜಿ ಹಿಡಿದಿರುವಷ್ಟು ದಿನ ಆ ಕೋಣೆಗೆ ಯಾರೂ ಕಾಲಿಡಬಾರದು. ಗಾಳಿಗೆ ಕೂದಲು ಹಾರುತ್ತದೆ, ಮಾತಿಗೆ ಕೈ ತಪ್ಪುತ್ತದೆ. ಮೇಸ್ತ್ರಿ ಹಿಂದಿನ ಶೆಡ್ಡಿನಲ್ಲಿ ಆ ಹೆಂಗಸಿನ ಕೈಕಾಲು ಮಾಡುತ್ತಿದ್ದ. ಹೀಗಾಗಿ ಕೋಣೆಯಲ್ಲಿ ಇದ್ದವರು ಇಬ್ಬರೇ, ಇವಳು ಮತ್ತು ಅವಳು.

"ಬಾರಮ್ಮ ತಾಯಿ, ಬಾ," ಎಂದು ತಲೆಯನ್ನು ಕಬ್ಬಿಣದ ಕಂಬಕ್ಕೆ ಸಿಕ್ಕಿಸಿದಳು. "ಅಲ್ಲಿ ಮನೇಲಿ ಗೋಡೆ ಮೇಲೆ ನೀನು, ಇಲ್ಲಿ ಕೆಲಸದಲ್ಲೂ ನೀನೇ. ನಾನೇ ನಿನಗೆ ತಲೆ ಬಾಚಿ ಸಿಂಗಾರ ಬೇರೆ ಮಾಡಬೇಕು."

ಮೊದಲ ಕೆಲವು ದಿನ ಕೆಲಸ ಕೆಲಸದ ಹಾಗೇ ನಡೆಯಿತು. ಕೈಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ಆದರೆ ಹುಬ್ಬಿನ ಹತ್ತಿರ ಬಂದಾಗ ಒಳಗಿದ್ದ ಉರಿ ಕೈಗಿಳಿಯಿತು. ಹುಬ್ಬು ಹೇಗಿತ್ತೋ ಯಾರಿಗೂ ಗೊತ್ತಿಲ್ಲ ಎಂದು ಮೇಡಮ್ಮೇ ಹೇಳಿದ್ದಾರಲ್ಲ. ಹಾಗಾದರೆ ತಾನು ಇಟ್ಟದ್ದೇ ಹುಬ್ಬು. ಇದ್ದುದರಲ್ಲಿ ಒರಟು ಕೂದಲು ಆರಿಸಿದಳು. ದಪ್ಪಗೆ, ಎರ್ರಾಬಿರ್ರಿಯಾಗಿ ನೆಟ್ಟಳು. ಎರಡು ಹುಬ್ಬಿನ ನಡುವಿನ ಜಾಗವನ್ನೂ ಬಿಡದೆ, ಮೂಗಿನ ಮೇಲೆ ಒತ್ತೊತ್ತಾಗಿ ತುಂಬಿ ಒಂದಕ್ಕೊಂದು ಕೂಡಿಸಿಬಿಟ್ಟಳು. ಫೋಟೋದಲ್ಲಿ ತಿದ್ದಿ ತೀಡಿದ ಹುಬ್ಬಿನವಳು ಇಲ್ಲಿ ಕರಡಿಯಂತಾದಳು. ಇವಳಿಗೆ ಎಷ್ಟೋ ವರ್ಷದಿಂದ ಬಾರದ ನಗು ಬಂತು. ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬಾಗಿಲ ಸಂದಿಯಿಂದ ಇಣುಕಿದ ಮೂಳೆ ಮೇಡಂ, "ಹೀಗೂ ಇದ್ದಿರಬಹುದು, ಯಾಕಿರಬಾರದು? ಚೆನ್ನಾಗಿದೆ," ಎಂದು ತಲೆಯಾಡಿಸಿ ಹೋದರು. ಕೆಡಿಸಿದ್ದನ್ನೂ ಚೆನ್ನಾಗಿದೆ ಎನ್ನುವವರಿಗೆ ಏನು ಹೇಳುವುದು?

ಈಗ ಉಳಿದದ್ದು ಸಾಕ್ಷಿ. ಸತ್ತವಳನ್ನು ಕಣ್ಣಾರೆ ಕಂಡು, ಒಂದೇ ಸೂರಿನಡಿ ಬಾಳಿದವರು ಎಂದರೆ ಅತ್ತೆ ಒಬ್ಬರೇ, ಭಾವ ಆಗ ಬೇರೆ ಊರಿನಲ್ಲಿದ್ದ. ಮೇಸ್ತ್ರಿಯ ಮಾತು ಲೆಕ್ಕಕ್ಕಿಲ್ಲ, ಅವನು ಆರೋಪಿ. ಕೋಣೆ ತೆರೆಯುವ ಹಿಂದಿನ ದಿನ ಪ್ರಾರ್ಥನಾ ಮಂದಿರದವರನ್ನು ಕರೆದು ತೋರಿಸುವುದೆಂದು ನಿರ್ದೇಶಕರು ತೀರ್ಮಾನಿಸಿದ್ದರು, ನಾಳೆ ಗಲಾಟೆಯಾಗುವುದು ಬೇಡ ಎಂದು. ಭಾವ ಬರುವವನಿದ್ದ. ಕೂದಲಕ್ಕ ಅತ್ತೆಯನ್ನೂ ಅವನ ಜೊತೆ ಹೊರಡಿಸಿ ತಾನೂ ಹೊರಟಳು. "ತುಟಿ ನೋಡಿ, ಗದ್ದ ನೋಡಿ, ಯಾರ ಹಾಗಿದೆ ಅಂತ ಹೇಳಿಬಿಡಿ ಅತ್ತೆ," ಎಂದು ದಾರಿಯುದ್ದಕ್ಕೂ ಕಿವಿಯಲ್ಲಿ ಊದಿದಳು. ಹೌದು ಎಂದರೆ ಗಂಡನನ್ನು ಹಿಡಿದು ನಿಲ್ಲಿಸಿ ಕೇಳಬೇಕು. ಅಲ್ಲ ಎಂದರೆ ಇಷ್ಟು ದಿನದ ಬೇಗುದಿ ಇಳಿಸಿ ನೆಮ್ಮದಿಯಾಗಿ ಇರಬೇಕು. ಎರಡರಲ್ಲೊಂದು ಇವತ್ತು ಆಗಲೇಬೇಕು ಎಂದು ಗಟ್ಟಿಮಾಡಿಕೊಂಡಿದ್ದಳು.

ಹೊಸ ಕೋಣೆಯಲ್ಲಿ ಕೂದಲಕ್ಕ ಮೊದಲೇ ತಲೆಯನ್ನು ತಾನೇ ಮೈಗೆ ಜೋಡಿಸಿ, ಬೊಂಬೆಯ ಮೇಲೆ ಬಿಳಿ ಬಟ್ಟೆ ಹೊದಿಸಿಟ್ಟಿದ್ದಳು. ಅದನ್ನು ತೆಗೆಯುವ ಮೊದಲೇ ಭಾವ ಶುರುಮಾಡಿದ.

"ಮೇಡಂ, ಮೂಳೆ ಸಿಕ್ಕಿದೆ ಅನ್ನೋದನ್ನ ನಾನೂ ಒಪ್ತೀನಿ. ಆದ್ರೆ ಇವಳು ನಮ್ಮ ಅಜ್ಜಿ ಅನ್ನೋದಕ್ಕೆ ಯಾರು ಸಾಕ್ಷಿ? ನೋಡಿದೋರು ಯಾರಿದಾರೆ?"

"ನೋಡಿದೋರು ಇಲ್ಲ. ಅದಕ್ಕೇ ಮೂಳೆ ಕೇಳೋದು. ನಿಮ್ಮ ಗ್ರಂಥ ಬರೆದೋರು ಮಾತ್ರ ನೋಡಿದ್ರಾ?"

"ನೋಡಿದವನು ಹೇಳಿದ, ಕೇಳಿದೋರು ಬರೆದ್ರು. ನಿಮ್ಮಮ್ಮ ನಿಮ್ಮನ್ನ ಹೆತ್ತಿದ್ದನ್ನ ನೀವು ನೋಡಿದ್ರಾ? ಅವರು ಹೇಳಿದ್ರು, ನೀವು ನಂಬಿದ್ರಿ."

"ನಂಬಿದೆ," ಎಂದರು ಮೇಡಂ. "ಆದ್ರೆ ಅಮ್ಮ ಹೇಳಿದ್ದನ್ನೂ ಪರೀಕ್ಷೆ ಮಾಡಬಹುದಲ್ಲ, ಬೇಕಾದ್ರೆ. ನಾನು ತಪ್ಪು ಅಂತ ತೋರಿಸೋ ಮೂಳೆ ನಾಳೆ ಸಿಕ್ಕಿದ್ರೆ ನಾನೂ ಮಾತು ಬದಲಾಯಿಸ್ತೀನಿ."

"ನಾಳೆ ಬದಲಾಗೋದನ್ನ ಇವತ್ತು ಮಕ್ಕಳಿಗೆ ಯಾಕೆ ಹೇಳಬೇಕು?"

ಇಬ್ಬರೂ ಪಟ್ಟು ಬಿಡುವವರಲ್ಲ. ಕೂದಲಕ್ಕನಿಗೆ ಆದಿಕಾಲದ ಅಜ್ಜಿ ಯಾರಾದರೇನು ಎನಿಸಿಹೋಗಿತ್ತು, ತನ್ನ ಮನೆಯ ಚಿಂತೆ ಸಾಕಾಗಿತ್ತು. ಮುಂದೆ ಹೋಗಿ ಬಟ್ಟೆ ಸರಕ್ಕನೆ ಎಳೆದುಬಿಟ್ಟಳು.

ಅತ್ತೆ ಹತ್ತಿರ ಬಂದರು. ಕನ್ನಡಕ ಒರೆಸಿ ಹಾಕಿಕೊಂಡರು. ತುಟಿ ನೋಡಲಿಲ್ಲ, ಗದ್ದವನ್ನೂ ನೋಡಲಿಲ್ಲ. ಅವರ ಕೈ ನೇರವಾಗಿ ಬೊಂಬೆಯ ಹಣೆಗೆ ಹೋಯಿತು, ಕೂಡಿದ ಹುಬ್ಬಿನ ಮೇಲೆ ಬೆರಳಾಡಿಸಿತು.

"ಇವಳನ್ನ ಯಾಕಪ್ಪ ಇಲ್ಲಿ ತಂದು ನಿಲ್ಲಿಸಿದ್ದೀಯ?" ಎಂದು ಹಿಂದೆ ನಿಂತಿದ್ದ ಮೇಸ್ತ್ರಿಯನ್ನು ಕೇಳಿದರು.

"ಯಾರು ಅತ್ತೆ? ಅವಳೇನಾ?" ಎಂದಳು ಕೂದಲಕ್ಕ.

"ಇನ್ಯಾರೇ? ಈ ಕೂಡುಹುಬ್ಬು ಇನ್ಯಾರಿಗಿತ್ತು? ಬಾಯಿ ಅವಳದ್ದಲ್ಲ, ಮೂಗೂ ಅಲ್ಲ. ಆದ್ರೆ ಈ ಹುಬ್ಬು ನೋಡಿದ ಮೇಲೆ ಮಿಕ್ಕಿದ್ದೆಲ್ಲಾನೂ ಅವಳ ಹಾಗೇ ಕಾಣ್ತಿದೆ."

"ಫೋಟೋದಲ್ಲಿ ಹಾಗಿಲ್ವಲ್ಲ."

"ಫೋಟೋದಲ್ಲಿ ಎಲ್ಲಿರುತ್ತೆ? ಸ್ಟುಡಿಯೋದವನು ಚೆಂದ ಮಾಡ್ತೀನಿ ಅಂತ ಮಧ್ಯದ್ದೆಲ್ಲ ಅಳಿಸಿಹಾಕಿದ್ದ. ಅದಕ್ಕೆ ಅವಳು ಮನೆಗೆ ಬಂದು ಎಷ್ಟು ಅತ್ತಿದ್ದಳು ಗೊತ್ತಾ?"

ಕೂದಲಕ್ಕ ಗಂಡನ ಕಡೆ ತಿರುಗಿದಳು. ಮೇಸ್ತ್ರಿ ಆ ಹುಬ್ಬನ್ನು ಮೊದಲ ಸಲ ನೋಡುತ್ತಿದ್ದ. ನೋಡುತ್ತಾ ಹಾಗೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅವನಿಗೆ ತೋಚಲಿಲ್ಲ. ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ಇವಳು ಕಂಡದ್ದೇ ಇಲ್ಲ. ಮೇಡಂ ಮತ್ತು ಭಾವ ಇಬ್ಬರೂ ಹೊರಗೆ ಹೋದರು.

ಯಾರನ್ನು ಬಯ್ಯುವುದು ಈಗ? ಅವನು ಅವಳನ್ನು ಮಾಡಿರಲಿಲ್ಲ. ಅಳತೆಪಟ್ಟಿ ಸರಿಯಾಗಿಯೇ ಹೇಳಿತ್ತು, ಅವನೂ ನಿಜವನ್ನೇ ಹೇಳಿದ್ದ. ಒಂದೊಂದೇ ಕೂದಲು ಚುಚ್ಚಿ, ಮೈಯೆಲ್ಲ ಉರಿ ಮಾಡಿಕೊಂಡು, ಸತ್ತವಳನ್ನು ಮತ್ತೆ ಕರೆತಂದು ನಿಲ್ಲಿಸಿದವಳು ತಾನೇ. ಆ ಯೋಚನೆಗೆ ಕೂದಲಕ್ಕನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಮಾರನೆಯ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ, ಚಿಮಟ ಹಿಡಿದುಕೊಂಡು ಬಂದಳು. ಅಷ್ಟೂ ಹುಬ್ಬನ್ನು ಕಿತ್ತು, ಸಣ್ಣದಾಗಿ ಹೊಸದು ನೆಟ್ಟುಬಿಡುವುದು ಎಂದು. ನೋಡಿದರೆ ಮೇಸ್ತ್ರಿ ಆಗಲೇ ಬಂದು ಬೊಂಬೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ.

"ನೋಡೋಕೆ ಬಂದ್ರಾ?"

"ಹೂಂ."

ಒಂದು ಸುಳ್ಳಾದರೂ ಹೇಳಬಾರದೇ ಈ ಮನುಷ್ಯ, ಎಂದುಕೊಂಡಳು.

"ತೆಗೀತೀಯಾ?" ಎಂದ ಅವನು ಚಿಮಟ ನೋಡಿ.

"ತೆಗೀತೀನಿ."

"ತೆಗಿ," ಎಂದು ಸ್ಟೂಲು ಸರಿಸಿ ಜಾಗ ಬಿಟ್ಟ. ಬೇಡ ಎಂದಿದ್ದರೆ ಅವಳು ಆ ಕ್ಷಣವೇ ಕಿತ್ತುಹಾಕುತ್ತಿದ್ದಳು. ಬೇಡ ಎನ್ನಲಿಲ್ಲವಲ್ಲ, ಕೈ ಅಲ್ಲೇ ನಿಂತಿತು.

"ನೀನು ಕೆಡಿಸೋಕೇ ಹಾಕಿದ್ದು ಅಂತ ಗೊತ್ತಾಯ್ತು ನನಗೆ," ಎಂದ ಮೇಸ್ತ್ರಿ. "ನಿನ್ನ ಕೈ ಕೆಲಸ ಗೊತ್ತಾಗಲ್ವಾ? ನಾನು ಅವಳ ಮುಖ ಮಾಡ್ಲಿಲ್ಲ. ಮಾಡಬೇಕು ಅಂದ್ರೂ ಆಗ್ತಿರಲಿಲ್ಲ. ಮರೆತುಹೋಗಿತ್ತು. ಕಣ್ಣು ಮುಚ್ಚಿದ್ರೆ ಆ ಫೋಟೋ ಒಂದೇ ಬರ್ತಿತ್ತು. ಹುಬ್ಬು ಕೂಡಿತ್ತು ಅನ್ನೋದೂ ನೆನಪಿರಲಿಲ್ಲ. ಜೊತೆಗೆ ಬಾಳಿದವಳು. ನಿನ್ನೆ ನೋಡಿದಾಗ, ಇಷ್ಟು ವರ್ಷ ಹೇಗೆ ಮರೆತಿದ್ದೆ ಅಂತ ನಾಚಿಕೆ ಆಯ್ತು."

ಅವನು ಒಟ್ಟಿಗೆ ಇಷ್ಟು ಮಾತಾಡಿದ್ದೇ ಇವಳಿಗೆ ಹೊಸದು. ಸಂತೋಷಪಡಬೇಕಾಗಿತ್ತು. ಇಷ್ಟು ವರ್ಷ ಯಾವ ಜಾಗದಲ್ಲಿ ಸತ್ತವಳು ಕೂತಿದ್ದಾಳೆ ಎಂದು ಉರಿದುಹೋಗಿದ್ದಳೋ, ಅಲ್ಲಿ ಯಾರೂ ಕೂತೇ ಇರಲಿಲ್ಲ. ಆದರೆ ಸಂತೋಷದ ಬದಲು ಹೊಸದೊಂದು ಭಯ ಹುಟ್ಟಿತು.

"ನಾನು ಸತ್ರೆ ನನ್ನ ಮುಖಾನೂ ಮರೀತೀರಾ?"

ಬೇರೆ ಯಾವ ಗಂಡನಾದರೂ ಛೆ, ಎಂಥ ಮಾತು ಎನ್ನುತ್ತಿದ್ದ. ಇವನು ಯೋಚಿಸಿದ. ಆಮೇಲೆ, "ಮರೀತೀನೇನೋ," ಎಂದ. "ಗೊತ್ತಿಲ್ಲ."

ಕೂದಲಕ್ಕ ಚಿಮಟವನ್ನು ಚೀಲಕ್ಕೆ ಹಾಕಿದಳು.

"ಇರಲಿ ಬಿಡಿ ಇವಳು. ಎಲ್ಲಾದ್ರೂ ಒಂದು ಕಡೆ ಇರಲಿ, ಪಾಪ." ಅಷ್ಟು ಹೇಳುವಷ್ಟರಲ್ಲಿ ಹಳೆಯ ಉರಿ ಮತ್ತೆ ಹೆಡೆ ಎತ್ತಿತು. "ಆದ್ರೆ ಇನ್ಮೇಲೆ ಇವಳ ಧೂಳು ಒರೆಸೋದು, ತಲೆ ಬಾಚೋದು ಎಲ್ಲಾ ನಾನೇ. ನೀವು ಈ ಕೋಣೆಗೆ ಕಾಲಿಡೋ ಹಾಗಿಲ್ಲ."

"ಹೂಂ."

ಅವಳು ಅವನ ಭುಜ ಹಿಡಿದು, ಬೊಂಬೆಗೆ ಬೆನ್ನು ಬರುವಂತೆ ಸ್ಟೂಲಿನ ಮೇಲೆ ತಿರುಗಿಸಿ ಕೂರಿಸಿದಳು. ಇನ್ನೊಂದು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು.

"ನೋಡಿ."

"ಏನು?"

"ನನ್ನ ಮುಖ."

ಮೇಸ್ತ್ರಿ ಅಭ್ಯಾಸಬಲದಿಂದ ಅವಳ ಕೆನ್ನೆಯ ಮೂಳೆಯ ಮೇಲೆ ಹೆಬ್ಬೆರಳಿಟ್ಟ. ಅವಳು ಆ ಕೈಯನ್ನು ಕೆಳಗಿಳಿಸಿದಳು.

"ಅಳತೆ ಬೇಡ. ಸುಮ್ನೆ ನೋಡಿ."

ಅವನು ನೋಡಿದ. ಹೊರಗೆ ದೊಡ್ಡ ಬಾಗಿಲು ತೆರೆದ ಸದ್ದು, ಜನ ಒಳಗೆ ಬರುವ ಗದ್ದಲ ಕೇಳಿಸಿತು.

"ಜನ ಬರ್ತಾ ಇದಾರೆ," ಎಂದ.

"ಬರಲಿ," ಎಂದಳು. "ನೀವು ಇನ್ನೂ ನೋಡಿ ಆಗಿಲ್ಲ."